ಮಾವನ ಪಥ್ಯ

ನಮ್ಮ ಮನೆಯಲ್ಲಿ ಕಾಯಿಲೆ ಎಂದರೆ ಅದು ಮಾವನದು. ಬೇರೆಯವರಿಗೆ ಬರುವುದು ನೆಗಡಿ, ಸುಸ್ತು, ಇಲ್ಲವೇ ಸೋಗು. ನಾಲ್ಕು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬೇಕರಿಯ ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಳಿತವರು ಆಮೇಲೆ ಎದ್ದದ್ದು ಹೃದ್ರೋಗಿಯಾಗಿ. ಅಂದಿನಿಂದ ಮನೆಯ ಉಪ್ಪು, ಎಣ್ಣೆ, ಟೀವಿಯ ಸದ್ದು, ನನ್ನ ಮಗಳ ನಗು ಎಲ್ಲವೂ ಅವರ ಎದೆಯ ಅಪ್ಪಣೆ ಕೇಳಿಯೇ ನಡೆಯುತ್ತಿದ್ದವು. ಕಾಯಿಲೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳವನ್ನು ಬಿಡಿಸಿ, ಕೊಬ್ಬು ಇಳಿಸುವ ಮಾತ್ರೆ ಕೊಟ್ಟು ಕಳಿಸಿದ್ದು ನಿಜ. ಅದನ್ನು ಅವರು ಯಜಮಾನಿಕೆಯ ಹಾಗೆ ನಡೆಸುತ್ತಿದ್ದದ್ದು ನನಗೆ ಸಹಿಸಲಾಗುತ್ತಿರಲಿಲ್ಲ, ಅಷ್ಟೆ.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಲೆ. ಒಲೆಯ ಹತ್ತಿರ ಮಾವ ಮತ್ತು ನನ್ನ ಗಂಡ. ಅಂಗಡಿಯ ಕಟ್ಟೆಯ ಹಿಂದೆ ನಾನು. ಉಳಿದ ಕೆಲಸ ಯಾವುದಿದೆಯೋ ಅದೆಲ್ಲ ಅತ್ತೆಯದು. ತಟ್ಟೆಗಳಿಗೆ ವನಸ್ಪತಿ ಸವರುವುದು, ಕೇಕಿನ ಡಬ್ಬಗಳನ್ನು ಮಡಚುವುದು, ಹಿಟ್ಟಿನ ಚೀಲಗಳನ್ನು ಬಿಚ್ಚಿ ಒಗೆದು ಒರೆಸುವ ಬಟ್ಟೆ ಮಾಡುವುದು, ಮಾವನಿಗೊಂದು ಉಳಿದವರಿಗೊಂದು ಎಂದು ಎರಡು ಬಗೆಯ ಅಡುಗೆ, ಪಾತ್ರೆ, ನೆಲ.

ಬೇಕರಿಯಲ್ಲಿ ದಿನವೂ ಒಂದಿಷ್ಟು ಮಾಲು ಕೆಡುತ್ತದೆ. ತಟ್ಟೆಯಿಂದ ತೆಗೆಯುವಾಗ ಮುರಿದ ಬಿಸ್ಕತ್ತು, ತಳ ಹಿಡಿದ ಬನ್ನು, ಒಂದು ಬದಿ ಕುಸಿದ ಕೇಕು, ಮಾರಾಟವಾಗದೆ ಉಳಿದ ನಿನ್ನೆಯ ಪಫ್ಫು. ಅಂಥದ್ದನ್ನು ಗಿರಾಕಿಗೆ ಕೊಡಬಾರದು ಎಂಬುದು ಮಾವನ ಕಟ್ಟುನಿಟ್ಟು. ಬಿಸಾಡಲೂ ಬಾರದು ಎಂಬುದು ಅದಕ್ಕಿಂತ ದೊಡ್ಡ ಕಟ್ಟುನಿಟ್ಟು. ಹಾಗಾಗಿ ಎಲ್ಲ ಒಂದು ತಗಡಿನ ಡಬ್ಬಿ ಸೇರಿ ಅಡುಗೆಮನೆಗೆ ಬರುತ್ತಿತ್ತು. ಮಾವನಾಗಲಿ ನನ್ನ ಗಂಡನಾಗಲಿ ತಾವು ಬೇಯಿಸಿದ್ದನ್ನು ಬಾಯಿಗೆ ಹಾಕುವವರಲ್ಲ. ಇಡೀ ದಿನ ಅದರ ಹೊಗೆ ಕುಡಿದವರಿಗೆ ಅದನ್ನು ಕಂಡರೆ ವಾಕರಿಕೆ. ನನ್ನ ಮಗಳು ಕಾಲೇಜಿಗೆ ಸೇರಿದ ಮೇಲೆ ಡಬ್ಬಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆ ಮಾತ್ರ ಟೀ ಲೋಟ ಹಿಡಿದು, ಗೋಡೆಗೆ ಒರಗಿ ನಿಂತುಕೊಂಡೇ, ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಖಾಲಿ ಮಾಡುತ್ತಿದ್ದರು. ಅದನ್ನು ತಿಂಡಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅವರೂ ಹಿಡಿಯುತ್ತಿರಲಿಲ್ಲ.

ಮಾವ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಹೃದಯ ವಿಭಾಗದವರು ಒಂದು ಅಧ್ಯಯನ ಶುರುಮಾಡಿದ್ದರು. ಒಂದೇ ಒಲೆಯ ಅಡುಗೆ ಉಣ್ಣುವ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆಯುವುದು, ಕುತ್ತಿಗೆಗೆ ಜೆಲ್ ಹಚ್ಚಿ ರಕ್ತನಾಳದ ಗೋಡೆ ಎಷ್ಟು ದಪ್ಪವಿದೆ ಎಂದು ಸ್ಕ್ಯಾನ್ ಮಾಡುವುದು, ಕೆಲವು ವರ್ಷ ಬಿಟ್ಟು ಮತ್ತೆ ಕರೆಸಿ ಅದನ್ನೇ ಮಾಡಿ ಹೋಲಿಸುವುದು. ಗೋಡೆ ಒಂದೇ ದಿನಕ್ಕೆ ದಪ್ಪವಾಗುವುದಿಲ್ಲವಂತೆ; ರಕ್ತದಲ್ಲಿ ಮೊದಲೇ ಗುರುತು ಕಾಣುತ್ತದೆಯೇ ಎಂಬುದು ಅವರ ಪ್ರಶ್ನೆ. ಪುಕ್ಕಟೆ ಎಂದೊಡನೆ ಮಾವ ಒಪ್ಪಿದರು. ಅತ್ತೆ ಹೋದದ್ದು ಮಾವ ಒಬ್ಬರೇ ಹೋಗಲು ಒಲ್ಲೆ ಎಂದದ್ದಕ್ಕೆ. ಮೊದಲ ಸಲ ಯಾರಿಗೂ ಹೆಚ್ಚೇನೂ ಹೇಳಲಿಲ್ಲ. ಈ ವರ್ಷ ಎರಡನೆಯ ಸಲ ಕರೆದರು, ಇಬ್ಬರೂ ಹೋಗಿ ಬಂದರು.

ವರದಿಗಳನ್ನು ನನ್ನ ಗಂಡ ಬ್ರೆಡ್ಡು ಹಂಚಿ ವಾಪಸು ಬರುವಾಗ ತಂದರು. ಎಲ್ಲರೂ ಊಟಕ್ಕೆ ಕೂತಿದ್ದೆವು, ಅತ್ತೆ ನಿಂತು ಬಡಿಸುತ್ತಿದ್ದರು. ಓದಮ್ಮ ಎಂದು ಮಾವ ನನ್ನ ಕಡೆ ಕೈ ತೋರಿಸಿದರು. ಅವರದನ್ನು ಮೊದಲು ಓದಿದೆ. ಕೊಬ್ಬು ಹತೋಟಿಯಲ್ಲಿದೆ, ರಕ್ತದಲ್ಲಿ ಉರಿಯೂತದ ಗುರುತಿಲ್ಲ, ಕತ್ತಿನ ರಕ್ತನಾಳದ ಗೋಡೆ ನಾಲ್ಕು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇದೆ. ಮಾವನ ಮುಖ ಅರಳಲಿಲ್ಲ. ಆಮೇಲೆ ಅತ್ತೆಯದು. ಕೆಟ್ಟ ಕೊಬ್ಬು ಮಿತಿ ಮೀರಿದೆ, ಉರಿಯೂತದ ಗುರುತು ಹೆಚ್ಚಿದೆ, ಎಡಗಡೆಯ ಗೋಡೆ ಹಿಂದಿನದಕ್ಕಿಂತ ಬಹಳ ದಪ್ಪವಾಗಿ ಒಂದು ಕಡೆ ಗಂಟುಕಟ್ಟಿದೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಓದುತ್ತ ಓದುತ್ತ ನನ್ನ ದನಿ ಇಳಿಯಿತು.

ಮಾವ ನಕ್ಕುಬಿಟ್ಟರು.

"ಅದಲುಬದಲಾಗಿದೆ" ಅಂದರು. "ಇದು ನಂದು."

ಅವರ ವಾದಕ್ಕೆ ತಳವಿಲ್ಲದಿರಲಿಲ್ಲ. ರಕ್ತ ಕೊಡಲು ಹೋದ ದಿನ ಆಸ್ಪತ್ರೆಯಲ್ಲಿ ಅವರ ಹೆಸರು ಕೂಗಿದಾಗ ಅವರು ಹಿಟ್ಟಿನ ವ್ಯಾಪಾರಿಯ ಜೊತೆ ಫೋನಿನಲ್ಲಿ ಜಗಳವಾಡುತ್ತ ಹೊರಗಿದ್ದರಂತೆ. ಅತ್ತೆ ಎದ್ದು ಒಳಗೆ ಹೋದರಂತೆ. ಇದು ನಮಗೆ ಯಾರಿಗೂ ವಿಚಿತ್ರವೆನಿಸಲಿಲ್ಲ. ಗ್ಯಾಸಿನವನು, ಅಂಚೆಯವನು, ಸಾಲ ಕೇಳುವವನು, ಯಾರೇ ಬಾಗಿಲಲ್ಲಿ ನಿಂತು ಮಾವನ ಹೆಸರು ಕೂಗಲಿ, ಕೈ ಒರೆಸಿಕೊಂಡು ಓಡಿ ಹೋಗಿ ಓಗೊಡುವವರು ಅತ್ತೆಯೇ. ಅಲ್ಲೂ ಅದೇ ಅಭ್ಯಾಸಬಲದಿಂದ ಎದ್ದಿದ್ದಾರೆ. ಹಾಗಾಗಿ ಮಾವನ ಹೆಸರಿನ ಚೀಟಿ ಅತ್ತೆಯ ರಕ್ತಕ್ಕೆ ಅಂಟಿದೆ, ಅತ್ತೆಯದು ಮಾವನ ರಕ್ತಕ್ಕೆ, ಸ್ಕ್ಯಾನಿಗೂ ಅದೇ ಚೀಟಿ.

"ಅತ್ತೆ, ನೀವೇ ಮೊದಲು ಹೋಗಿದ್ದಾ?" ಎಂದು ಕೇಳಿದೆ.

"ಹೋಗಿದ್ದೆ" ಅಂದರು. ಮಾವನ ತಟ್ಟೆಗೆ ಬೇಯಿಸಿದ ತರಕಾರಿ ಹಾಕಿದರು.

ಅಲ್ಲಿಗೆ ತೀರ್ಮಾನವಾಯಿತು. ಎದೆ ಹಿಡಿದುಕೊಂಡವರು ಮಾವ, ಗೋಡೆ ದಪ್ಪವಾಗಬೇಕಾದದ್ದು ಮಾವನದು. ಒಂದು ದಿನವೂ ಮಲಗದ ಅತ್ತೆಗೆ ಏನಾದೀತು? ಹೊತ್ತು ಹೋದಂತೆ ಮಾವನಿಗೆ ಭಯ ಹಿಡಿಯಿತು. ಭಯದ ಜೊತೆಗೆ ಒಂದು ಬಗೆಯ ಗತ್ತೂ ಬಂತು. ಅಂಗಡಿಗೆ ಬಂದ ಪರಿಚಯದವರಿಗೆಲ್ಲ ಕತ್ತು ಮುಟ್ಟಿ ತೋರಿಸಿ, ಇಲ್ಲಿ, ಎಡಗಡೆ, ಗಂಟುಕಟ್ಟಿದೆ ಎನ್ನುತ್ತಿದ್ದರು.

ಪಥ್ಯ ಬಿಗಿಯಾಯಿತು. ಅಡುಗೆಗೆ ಎಣ್ಣೆ ಬೀಳುವುದು ನಿಂತಿತು. ಯಾರೋ ಗಿರಾಕಿ ಹೇಳಿದರೆಂದು ಬೆಳಿಗ್ಗೆ ಮೊಟ್ಟೆಯ ಬಿಳಿ ಮಾತ್ರ ತಿನ್ನಲು ಶುರುಮಾಡಿದರು. ಹಳದಿ ತಟ್ಟೆಯ ಅಂಚಿನಲ್ಲಿ ಉಳಿಯುತ್ತಿತ್ತು. ಹಾಲಿನ ಕೆನೆ ತೆಗೆಸಿದರು. ಕೆನೆ ಬಟ್ಟಲಲ್ಲಿ ಉಳಿಯುತ್ತಿತ್ತು. ಮಾಂಸದ ಕೊಬ್ಬು ಬಿಡಿಸಿ ಬದಿಗಿಡಿಸಿದರು. ಪಾತ್ರೆ ತೊಳೆಯುವ ಮುಂಚೆ ಅದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಮಾವ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಅವರೇ ಹೇಳುತ್ತಿದ್ದರಲ್ಲ:

"ನಿನ್ನ ರಿಪೋರ್ಟ್ ಚೆನ್ನಾಗಿದೆ. ತಿನ್ನೇ. ಯಾಕೆ ಹಾಳು ಮಾಡ್ತೀಯ?"

ಅತ್ತೆ ತಿನ್ನುತ್ತಿದ್ದರು.

ನನಗೆ ಅನುಮಾನ ಹುಟ್ಟಿದ್ದು ಮಾತ್ರೆಯ ಡಬ್ಬಿ ತುಂಬುವಾಗ. ಮಾವನ ಮಾತ್ರೆಗಳನ್ನು ವಾರಕ್ಕೊಮ್ಮೆ ಖಾನೆಗಳಿಗೆ ಹಾಕಿಡುವುದು ನನ್ನ ಕೆಲಸ. ಕೊಬ್ಬು ಇಳಿಸುವ ಮಾತ್ರೆಯನ್ನು ಖಾನೆಗೆ ಹಾಕುತ್ತಿದ್ದವಳ ಕೈ ನಿಂತಿತು. ನಾಲ್ಕು ವರ್ಷದಿಂದ ತಪ್ಪದೆ ಈ ಮಾತ್ರೆ ನುಂಗುತ್ತಿರುವವರ ರಕ್ತದಲ್ಲಿ ಕೊಬ್ಬು ಇಳಿದಿರಬೇಕು. ಇಳಿದಿರುವುದು ಮಾವನ ಹೆಸರಿನ ವರದಿಯಲ್ಲಿ. ಮತ್ತೆ ಅದಲುಬದಲಾದದ್ದು ಏನು?

ಗಂಡನನ್ನು ಗೋದಾಮಿಗೆ ಕರೆದು ಹೇಳಿದೆ. ಅವರು ಹಿಟ್ಟಿನ ಮೂಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು.

"ನೀನು ಹೇಳೋದೂ ಸರಿ" ಅಂದರು.

"ಹಾಗಾದ್ರೆ ಅಪ್ಪನ ಹತ್ರ ಮಾತಾಡಿ."

"ಅಪ್ಪ ಹೇಳೋದೂ ಸರಿ ಅನ್ಸುತ್ತೆ."

ನನ್ನ ಗಂಡ ಕೆಟ್ಟವರಲ್ಲ. ಜಗಳ ಕಂಡರೆ ಆಗದವರು. ಹೆಂಡತಿ ಮುಂದೆ ಹೆಂಡತಿಗೆ, ಅಪ್ಪನ ಮುಂದೆ ಅಪ್ಪನಿಗೆ ತಲೆಯಾಡಿಸಿ ಮನೆಯಲ್ಲಿ ಶಾಂತಿ ಇದೆ ಎಂದುಕೊಂಡವರು. ಆ ಶಾಂತಿಯ ಬೆಲೆ ಯಾರು ತೆರುತ್ತಿದ್ದಾರೆ ಎಂದು ಅವರಿಗೆ ಹೊಳೆದದ್ದೇ ಇಲ್ಲ.

ನಾನೇ ಮಾವನ ಹತ್ತಿರ ಹೋದೆ. ಮಾತ್ರೆಯ ವಿಷಯ ಹೇಳಿದೆ. ಮಾವ ನನ್ನನ್ನು ಒಲೆಯ ಬಾಗಿಲಿನ ಸಂದಿಯಿಂದ ನೋಡುವಂತೆ ಕಣ್ಣು ಕಿರಿದುಮಾಡಿ ನೋಡಿದರು.

"ನನ್ನ ಮೇಲೆ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಅಷ್ಟು ಜೋರಾಗಿದೆ ಕಾಯಿಲೆ" ಅಂದರು.

"ಅತ್ತೆಯನ್ನ ಇನ್ನೊಂದು ಸಲ ತೋರಿಸಿಕೊಂಡು ಬರ್ತೀನಿ ಮಾವ. ಅನುಮಾನ ಯಾಕೆ?"

"ಅವಳಿಗೇನಾಗಿದೆ? ನಿನಗೆ ಹೋಗ್ಬೇಕು ಅನ್ಸಿದ್ರೆ ಹೋಗು, ಅವಳನ್ಯಾಕೆ ಎಳೀತೀಯ?"

ಆಸ್ಪತ್ರೆಯವರು ಸುಮ್ಮನಿರಲಿಲ್ಲ, ಅವರನ್ನು ದೂರುವ ಹಾಗಿಲ್ಲ. ಫೋನ್ ಮಾಡಿದ್ದರು. ಆದರೆ ಇಬ್ಬರದಕ್ಕೂ ಮಾವ ಬರೆಸಿದ್ದು ತಮ್ಮ ನಂಬರನ್ನೇ. ನಿಮ್ಮ ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದು ಆ ಕಡೆಯವರು ಹೇಳಿದರೆ, ಈ ಕಡೆಯಿಂದ ಮಾವ ಅದಲುಬದಲಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರಂತೆ. ಹಾಗಿದ್ದರೆ ಇಬ್ಬರೂ ಬಂದು ಮತ್ತೆ ರಕ್ತ ಕೊಡಿ ಎಂದರಂತೆ ಅವರು. ಶಾಲೆಗಳು ತೆರೆಯುವ ಕಾಲ, ಬನ್ನಿನ ಆರ್ಡರು ತುಂಬಾ ಇದೆ, ಮುಗಿದ ಮೇಲೆ ಬರುತ್ತೇವೆ ಎಂದು ಮಾವ ಫೋನಿಟ್ಟರು. ಇದನ್ನು ಅವರು ರಾತ್ರಿ ಊಟದಲ್ಲಿ ಹೇಳಿದ್ದು ಆಸ್ಪತ್ರೆಯವರಿಗೆ ಬುದ್ಧಿ ಹೇಳಿದ ಸಂತೋಷದಲ್ಲಿ.

ನಾನು ಹಲ್ಲು ಕಚ್ಚಿಕೊಂಡು ಅತ್ತೆಯ ಹೆಸರಿನಲ್ಲೇ ಬೇರೆ ದಿನ ಗೊತ್ತುಮಾಡಿದೆ, ನನ್ನ ನಂಬರು ಕೊಟ್ಟೆ. ಅತ್ತೆಗೆ ಹಿಂದಿನ ದಿನವೇ ಹೇಳಿದ್ದೆ. ಬೆಳಿಗ್ಗೆ ನಾನು ಸೀರೆ ಉಟ್ಟು ಬಂದು ನೋಡಿದರೆ ಹಿತ್ತಲಿನಲ್ಲಿ ತಿಂಗಳ ಹಿಟ್ಟಿನ ಚೀಲಗಳೆಲ್ಲ ನೀರಿನಲ್ಲಿ ನೆನೆಯುತ್ತಿದ್ದವು, ಅತ್ತೆ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿಕೊಂಡು ಕುಕ್ಕುತ್ತಿದ್ದರು.

"ಅತ್ತೆ, ಇವತ್ತು ಹೋಗ್ಬೇಕಲ್ಲ?"

"ನೆನೆಹಾಕಿಬಿಟ್ಟಿದ್ದೀನಲ್ಲ. ಬಿಟ್ಟರೆ ಹಿಟ್ಟು ಹುಳಿಯಾಗಿ ನಾರುತ್ತೆ."

"ಯಾಕೆ ಇವತ್ತೇ ನೆನೆಹಾಕಿದ್ರಿ?"

"ಬಿಸಿಲು ಚೆನ್ನಾಗಿತ್ತು."

ಅಂದು ಮೋಡ ಕವಿದಿತ್ತು. ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನನಗೆ ಅಳುವೇ ಬಂತು. ಮಾವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಅಭ್ಯಾಸವಾಗಿದೆ. ಯಾರಿಗಾಗಿ ಬಡಿದಾಡುತ್ತಿದ್ದೇನೋ ಅವರೇ ಕೈಗೆ ಸಿಗದೆ ಜಾರುತ್ತಿದ್ದರೆ ಏನು ಮಾಡುವುದು? ಅತ್ತೆ ನನ್ನ ಮುಖ ನೋಡಲಿಲ್ಲ. ಇನ್ನೊಂದು ಚೀಲ ಎತ್ತಿ ಹಿಂಡಿದರು.

ನನ್ನ ಮಗಳಿಗೆ ನನ್ನಷ್ಟು ತಾಳ್ಮೆಯಿಲ್ಲ. ಒಂದು ಬೆಳಿಗ್ಗೆ ಮಾವ ಮೊಟ್ಟೆಯ ಬಿಳಿ ತಿಂದು ಎದ್ದರು, ಅತ್ತೆ ತಟ್ಟೆಗೆ ಕೈ ಹಾಕುವ ಮುಂಚೆ ಇವಳು ಅದನ್ನು ಎತ್ತಿಕೊಂಡು ಹೋಗಿ ಎರಡೂ ಹಳದಿಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟಳು.

"ಏನೇ ಮಾಡ್ತಿದ್ದೀಯ?" ಅತ್ತೆಯ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

"ತಾತ ಬಿಟ್ಟಿದ್ದನ್ನ ನೀವ್ಯಾಕೆ ತಿನ್ಬೇಕು ಅಜ್ಜಿ? ನೀವೇನು ಕಸದ ಬುಟ್ಟಿನಾ?"

ಮಾತು ಬಾಯಿಂದ ಬಿದ್ದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಮಾವ ಹೊರಗಿನಿಂದಲೇ, ಅನ್ನ ಹಾಳುಮಾಡುವ ಹುಡುಗಿ, ಇದೇನಾ ಕಾಲೇಜಿನಲ್ಲಿ ಕಲಿಸುವುದು ಎಂದು ಶುರುಮಾಡಿದರು. ನಾನು ಮಗಳ ಪರವಾಗಿ ಬಾಯಿ ಹಾಕಿದೆ. ನನ್ನ ಗಂಡ ಎಲ್ಲರಿಗೂ ಸುಮ್ಮನಿರಿ ಎಂದರು. ಆ ಮಧ್ಯಾಹ್ನ ಅತ್ತೆ ಊಟ ಮಾಡಲಿಲ್ಲ. ಬಿಸಾಡಿದ ಎರಡು ಹಳದಿಗೆ ಪ್ರಾಯಶ್ಚಿತ್ತವೆಂಬಂತೆ ಉಪವಾಸ ಕೂತರು. ಸಂಜೆ ಹಸಿವು ತಡೆಯಲಾರದೆ ತಗಡಿನ ಡಬ್ಬಿಯ ಮುಚ್ಚಳ ತೆಗೆದದ್ದನ್ನು ನಾನು ಅಂಗಡಿಯಿಂದಲೇ ಕೇಳಿಸಿಕೊಂಡೆ. ಎದ್ದು ಹೋಗಿ ಕಿತ್ತುಕೊಳ್ಳಬೇಕೆನಿಸಿತು. ಕಟ್ಟೆಯ ಮುಂದೆ ಗಿರಾಕಿಗಳಿದ್ದರು.

ಶಾಲೆಯ ಆರ್ಡರು ಮುಗಿಯಲಿಲ್ಲ, ಬೆಳೆಯಿತು. ಮಾವ ದಿನಕ್ಕೆರಡು ಸಲ ನಡಿಗೆಗೆ ಹೋಗುತ್ತಿದ್ದರು, ಆ ಹೊತ್ತಿನ ಒಲೆಯ ಕೆಲಸವೂ ಅತ್ತೆಯ ಪಾಲಿಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಮಾವ ಮಲಗಿದರೆ ಅತ್ತೆ ಹಜಾರದಲ್ಲಿ ಕೂತು ಕೇಕಿನ ಡಬ್ಬ ಮಡಚುತ್ತಿದ್ದರು. ಮಡಚುವುದರಲ್ಲಿ ಅವರದು ಯಂತ್ರದ ಕೈ. ನಾನು ಒಂದು ಮಡಚುವುದರೊಳಗೆ ಅವರ ಮುಂದೆ ರಾಶಿಯಾಗಿರುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಖಾಲಿ ಡಬ್ಬ ತೆಗೆದುಕೊಳ್ಳಲು ಒಳಗೆ ಬಂದೆ. ರಾಶಿ ಇರಲಿಲ್ಲ. ಅತ್ತೆ ಎಡಗೈಯೊಂದರಿಂದಲೇ ರಟ್ಟನ್ನು ನೆಲಕ್ಕೆ ಒತ್ತಿ ಮಡಚಲು ಹೆಣಗುತ್ತಿದ್ದರು. ಡಬ್ಬ ಸೊಟ್ಟಗೆ ಬಿರಿದುಕೊಳ್ಳುತ್ತಿತ್ತು. ಬಲಗೈ ಮಡಿಲಿನಲ್ಲಿ ಬಿದ್ದಿತ್ತು.

"ಕೈಗೇನಾಯ್ತು ಅತ್ತೆ?"

ಜೋಮು ಹಿಡಿದಿದೆ ಎಂದು ಹೇಳಲು ಹೊರಟರು. ಅವರ ಬಾಯಿಂದ ಬಂದದ್ದು ಆ ಮಾತಲ್ಲ, ಯಾವ ಮಾತೂ ಅಲ್ಲ, ಬಾಯಲ್ಲಿ ಹಿಟ್ಟು ತುಂಬಿಕೊಂಡವರು ಮಾಡುವ ಸದ್ದು. ತುಟಿಯ ಒಂದು ಬದಿ ಕೆಳಗೆ ಜಾರಿತ್ತು. ಅವರ ಕಣ್ಣು ಮಾತ್ರ ನನ್ನನ್ನು ನೆಟ್ಟಗೆ ನೋಡುತ್ತ, ಸುಮ್ಮನಿರು, ಯಾರನ್ನೂ ಎಬ್ಬಿಸಬೇಡ ಎನ್ನುತ್ತಿತ್ತು.

ಎಬ್ಬಿಸಿದೆ. ಊರೇ ಏಳುವ ಹಾಗೆ ಕೂಗಿದೆ. ನನ್ನ ಗಂಡ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮಾವ ಎದ್ದು ಬಂದು, ಸುಸ್ತಾಗಿರಬೇಕು, ಸಕ್ಕರೆ ನೀರು ಕೊಡಿ, ಸ್ವಲ್ಪ ಹೊತ್ತು ಮಲಗಲಿ ಎಂದರು. ನಾನು ಬ್ರೆಡ್ಡು ಹಂಚುವ ವ್ಯಾನಿನ ಹಿಂದಿನ ತಟ್ಟೆಗಳನ್ನೆಲ್ಲ ರಸ್ತೆಗೆ ಎಳೆದು ಹಾಕಿದೆ. ಅತ್ತೆಯನ್ನು ಎತ್ತಿ ಒಳಗೆ ಕೂರಿಸಿ, ನಾನೂ ಹತ್ತಿ, ಅವರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡೆ. ಗಂಡ ವ್ಯಾನು ಓಡಿಸಿದರು. ಮಾವ ಅಂಗಡಿ ನೋಡಿಕೊಳ್ಳಲು ಉಳಿದರು.

ಅರ್ಧ ದಾರಿಗೆ ಬರುವಷ್ಟರಲ್ಲಿ ಅತ್ತೆಯ ಬೆರಳು ಅಲ್ಲಾಡಿತು. ಆಮೇಲೆ ಕೈ ಎದ್ದಿತು. ಆಮೇಲೆ ಮಾತು ಬಂತು. ಬಂದ ಮೊದಲ ಮಾತು ಏನೆಂದು ನಾನು ಸಾಯುವವರೆಗೂ ಮರೆಯುವುದಿಲ್ಲ.

"ತಿರುಗಿಸೋ. ಒಲೆ ಮೇಲೆ ಹಾಲಿಟ್ಟಿದ್ದೀನಿ."

ನನ್ನ ಗಂಡ ವ್ಯಾನು ನಿಧಾನ ಮಾಡಿದರು. ನಿಜವಾಗಿಯೂ ಮಾಡಿದರು. ಅಮ್ಮ ಸರಿಯಾಗಿದ್ದಾರಲ್ಲ ಎಂದರು.

"ವ್ಯಾನು ನಿಂತರೆ ನಾನು ಇಲ್ಲೇ ಇಳಿದು ಅತ್ತೆಯನ್ನ ಹೊತ್ತುಕೊಂಡು ಹೋಗ್ತೀನಿ. ನಿಮ್ಮ ಮನೆಗೆ ಮತ್ತೆ ಕಾಲಿಡಲ್ಲ" ಅಂದೆ.

ವ್ಯಾನು ಮುಂದೆ ಓಡಿತು. ಅತ್ತೆ ಬಲಗೈಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ, ವ್ಯಾನಿನ ಸದ್ದಿನಲ್ಲಿ ಮಗನಿಗೆ ಕೇಳಿಸದ ಹಾಗೆ ಹೇಳಿದರು.

"ಅದಲುಬದಲಾಗಿರಲಿಲ್ಲ ಕಣೇ."

ಆ ದಿನ ಮಾವನ ಹೆಸರು ಕೂಗಿದಾಗ ಎದ್ದು ಹೋದದ್ದು ನಿಜವಂತೆ. ಒಳಗಿದ್ದ ಹುಡುಗಿ ಇವರನ್ನು ನೋಡಿ ನಕ್ಕು, ಅಮ್ಮ, ಇದು ಗಂಡಸರ ಹೆಸರಲ್ಲವೇ, ನಿಮ್ಮದು ಹೇಳಿ ಎಂದಳಂತೆ. ಹೇಳಿದರಂತೆ. ಅವಳು ಚೀಟಿ ಬದಲಾಯಿಸಿಯೇ ರಕ್ತ ತೆಗೆದಳಂತೆ. ಕತ್ತಿನ ಸ್ಕ್ಯಾನ್ ಮಾಡಿದವಳು ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡಿ, ವರದಿ ಬಂದ ಮೇಲೆ ಖಂಡಿತ ಡಾಕ್ಟರನ್ನು ಕಾಣಿ ಎಂದು ಕೈ ಹಿಡಿದು ಹೇಳಿದ್ದಳಂತೆ.

ಇಷ್ಟು ವಾರ ನಾನು ಮಾವನ ಜೊತೆ, ಗಂಡನ ಜೊತೆ ಕಾದಾಡಿದ್ದು, ಮಗಳು ಬೈಸಿಕೊಂಡದ್ದು, ಎಲ್ಲವನ್ನೂ ಇವರು ನೋಡುತ್ತ ನಿಂತಿದ್ದರು. ಎಲ್ಲ ಗೊತ್ತಿದ್ದೂ ಆ ಹಳದಿ ನುಂಗಿದ್ದರು.

"ಯಾಕೆ ಹೇಳಲಿಲ್ಲ ಅತ್ತೆ? ಯಾಕೆ?"

"ನಮ್ಮನೇಲಿ ಒಬ್ಬರಿಗೆ ಕಾಯಿಲೆ ಬಂದ್ರೆ ಅವರನ್ನ ನೋಡ್ಕೊಳ್ಳೋಕೆ ನಾನಿದ್ದೀನಿ" ಅಂದರು. "ನನಗೇ ಬಂದ್ರೆ ಯಾರಿದ್ದಾರೆ?"

ನಾನಿದ್ದೀನಿ ಎನ್ನಲು ಹೊರಟೆ. ಅಂಗಡಿ, ಅಡುಗೆಮನೆ, ಮಗಳ ಕಾಲೇಜು, ಮಾವನ ಎರಡನೆಯ ಅಡುಗೆ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ಆ ಮಾತು ಗಂಟಲಲ್ಲೇ ಒಂದು ಗಳಿಗೆ ತಡೆಯಿತು. ಆ ಒಂದು ಗಳಿಗೆಯನ್ನು ಅತ್ತೆ ನೋಡಿದರು. ಆಮೇಲೆ ನಾನು ಹೇಳಿದೆ, ಅವರು ತಲೆಯಾಡಿಸಿದರು.

ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಗಂಟುಕಟ್ಟಿದ ಗೋಡೆಯಿಂದ ಚಿಕ್ಕದೊಂದು ತುಣುಕು ಎದ್ದು ಮೆದುಳಿಗೆ ಹೋಗಿ, ಅದೃಷ್ಟಕ್ಕೆ ತಾನಾಗಿಯೇ ಕರಗಿದೆ, ಮುಂದಿನ ಸಲ ಹೀಗೆ ಕರಗುತ್ತದೆಂದು ಹೇಳಲಾಗದು ಎಂದರು. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಮಾವ ನಂಬಲಿಲ್ಲ. ಎರಡು ದಿನ ಮಗಳು ಮಾಡಿದ ಅಡುಗೆಯನ್ನು, ಉಪ್ಪು ಹೆಚ್ಚು, ಬೆಂದಿಲ್ಲ ಎಂದು ತಳ್ಳಿದರು. ಮೂರನೆಯ ದಿನ ಅತ್ತೆಯನ್ನು ಮನೆಗೆ ಕಳಿಸುತ್ತಾರೆಂದು ತಿಳಿದ ಮೇಲೆ, ತಮ್ಮ ಕತ್ತನ್ನೂ ಒಮ್ಮೆ ಸರಿಯಾಗಿ ನೋಡಿಸಿಕೊಳ್ಳುತ್ತೇನೆಂದು ವ್ಯಾನು ಹತ್ತಿದರು.

ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಎರಡು ಸಲದ ಚಿತ್ರಗಳನ್ನೂ ಪರದೆಯ ಮೇಲೆ ಹಾಕಿ ತೋರಿಸಿದಳು. ಅತ್ತೆಯ ರಕ್ತನಾಳದ ಗೋಡೆ ನಾಲ್ಕು ವರ್ಷದ ಹಿಂದೆಯೇ ಸ್ವಲ್ಪ ದಪ್ಪವಿತ್ತು, ಈಗ ನನ್ನಂಥವಳಿಗೂ ಕಾಣುವಷ್ಟಾಗಿತ್ತು. ರಕ್ತದಲ್ಲಿ ಆಗಲೇ ಗುರುತು ಇತ್ತು ಎಂದಳು. ಅತ್ತೆ ಮಾತ್ರೆ ತಪ್ಪಿಸಬಾರದು, ಕರಿದದ್ದು, ವನಸ್ಪತಿಯದ್ದು ಮುಟ್ಟಬಾರದು, ಮುಖ್ಯವಾಗಿ ಸುಧಾರಿಸಿಕೊಳ್ಳಬೇಕು ಎಂದೂ ಹೇಳಿದಳು. ಆಮೇಲೆ ಮಾವನ ಚಿತ್ರಕ್ಕೆ ಬಂದಳು.

"ನಿಮ್ಮದು ಕೂದಲೆಳೆಯಷ್ಟೂ ಬದಲಾಗಿಲ್ಲ ನೋಡಿ. ಒಮ್ಮೆ ಎದೆನೋವು ಬಂದವರಲ್ಲಿ ಹೀಗೆ ನಿಲ್ಲೋದು ಅಪರೂಪ. ನಿಮ್ಮ ಊಟ ತಿಂಡಿ ಎಲ್ಲ ಯಾರು ನೋಡ್ಕೊಳ್ತಾರೆ?"

ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು.

"ನಾನೇ" ಅಂದರು. "ಎಲ್ಲ ಶಿಸ್ತು, ಡಾಕ್ಟ್ರೇ. ನಾಲಿಗೆ ಹತೋಟಿಯಲ್ಲಿರಬೇಕು. ಇವಳಿಗೆ ಅದಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು ತಡೆದರು. ಯಾವಾಗಲೂ ಹಾಗೆಯೇ ತಡೆಯುವವರು, ಈಗಲೂ ಮಾತು ಮುಚ್ಚಿಹಾಕಲು ಎಂದುಕೊಂಡೆ. ಅಲ್ಲ. ಅವರಿಗೇ ಮಾತಾಡಬೇಕಿತ್ತು.

"ಶಿಸ್ತು ಇವರದೇ ಅಮ್ಮ, ಇಲ್ಲ ಅನ್ನಲ್ಲ" ಎಂದು ಡಾಕ್ಟರಮ್ಮನಿಗೆ ಹೇಳಿದರು. ದನಿ ಏರಿಸಲಿಲ್ಲ. "ಏನೇನು ತಿನ್ನಬಾರದೋ ಅದನ್ನೆಲ್ಲ ಇವರು ಬಿಟ್ಟರು. ಇವರು ಬಿಟ್ಟಿದ್ದನ್ನೆಲ್ಲ ನಾನು ತಿಂದೆ."

ಡಾಕ್ಟರಮ್ಮ ಬರೆಯುತ್ತಿದ್ದ ಕೈ ನಿಲ್ಲಿಸಿ ಅತ್ತೆಯನ್ನು ನೋಡಿದಳು. ಮಾವ, ಯಾರು ತಿನ್ನು ಅಂದರು, ನಾನೇನು ನಿನ್ನ ಬಾಯಿಗೆ ತುರುಕಿದೆನಾ ಎಂದು ಶುರುಮಾಡಿ, ನಡುವೆಯೇ ನಿಲ್ಲಿಸಿದರು. ತಿನ್ನೇ ಎಂದವರು ಯಾರೆಂದು ನೆನಪಾಗಿರಬೇಕು, ಇಲ್ಲವೇ ನಾನು ಅವರ ಮುಖವನ್ನು ನೋಡುತ್ತಿದ್ದ ರೀತಿ ಹಾಗಿತ್ತೇನೋ. ನನ್ನ ಗಂಡ ತಲೆಯಾಡಿಸಲು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು.

ಔಷಧಿ ಅಂಗಡಿಯವನು ಚೀಲ ಕೊಟ್ಟ. ಮಾವ ಅದನ್ನು ತೆಗೆದುಕೊಂಡು, ಯಾವಾಗಿನಂತೆ ಹಿಂದೆ ತಿರುಗದೆಯೇ ಅತ್ತೆಯ ಕಡೆ ಚಾಚಿದರು. ಯಾರೂ ಹಿಡಿದುಕೊಳ್ಳಲಿಲ್ಲ. ಅತ್ತೆ ಬರಿಗೈಯಲ್ಲಿ ಮುಂದೆ ನಡೆದು, ವ್ಯಾನಿನ ಮುಂದಿನ ಬಾಗಿಲು ತೆಗೆದು, ಮಗನ ಪಕ್ಕ ಕೂತರು. ಮಾವ ಚೀಲ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಹಿಂದೆ ನನ್ನ ಎದುರಿಗೆ ಬಂದು ಕೂತರು.

ವ್ಯಾನು ದೊಡ್ಡ ರಸ್ತೆಗೆ ಬಂತು. ಬಿಸಿಲಿಗೆ ಮಾವ ಬೆವರುತ್ತಿದ್ದರು. ಏನೋ ಒಂದು ಒಳ್ಳೆಯ ಮಾತು ಹೇಳಬೇಕು ಎಂದು ಅವರು ಹುಡುಕುತ್ತಿರುವುದು ನನಗೆ ಕಾಣುತ್ತಿತ್ತು, ಅಭ್ಯಾಸವಿಲ್ಲ, ಸಿಗಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, ಮುಂದಿನ ಸೀಟಿನ ಕಡೆಗೆ ಬಾಗಿ, ತಮಗೆ ಬರುವ ಒಂದೇ ಮಾತನ್ನು ಕೇಳಿದರು.

"ರಾತ್ರಿಗೆ ಏನು ಮಾಡ್ತೀಯ?"

ಅತ್ತೆ ತಿರುಗಲಿಲ್ಲ.

"ನೀವೇನು ಮಾಡ್ತೀರಿ?" ಅಂದರು.

ಮಾವ ನನ್ನ ಮುಖ ನೋಡಿದರು. ನಾನು ಹೊರಗೆ ನೋಡುತ್ತ ಕೂತೆ.